ಯುವಕ ಮಂಡಲದ ಮಕ್ಕಳ ವಿಭಾಗ: ಹೊಣೆಗಾರಿಕೆಯೂ ಗೌರವವೂ ಅಲ್ಲಿ ನಿಜಕ್ಕೂ ಬೆಳೆಯುತ್ತವೆಯೇ?

ಪ್ರಶ್ನೆ: ತೀರ್ಥಹಳ್ಳಿ ಕಡೆಯ ಪೋಷಕರೊಬ್ಬರಿಂದ

ಎಲ್ಲರಿಗೂ ನಮಸ್ಕಾರ. ನಮ್ಮ ಊರಿನ ಯುವಕ ಮಂಡಲ ಹಲವು ವರ್ಷ ಹೆಸರಿಗಷ್ಟೇ ಉಳಿದಿತ್ತು. ಈಗ ಕೆಲವು ಹುಡುಗರು ಸೇರಿ ಅದಕ್ಕೆ ಮತ್ತೆ ಜೀವ ತುಂಬಿದ್ದಾರೆ. ಐದರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗಾಗಿ ಒಂದು ವಿಭಾಗವನ್ನು ತೆರೆಯೋಣ, ಅದರಿಂದ ಮಕ್ಕಳಲ್ಲಿ ಹೊಣೆಗಾರಿಕೆಯೂ ಹಿರಿಯರ ಮೇಲೆ ಗೌರವವೂ ಬೆಳೆಯುತ್ತದೆ ಎಂಬ ಮಾತು ಕಳೆದ ಸಭೆಯಲ್ಲಿ ಬಂತು. ನನಗೂ ಅದು ಇಷ್ಟವೇ. ಆದರೆ ಗಣೇಶೋತ್ಸವ, ರಾಜ್ಯೋತ್ಸವಗಳಲ್ಲಿ ನಾನು ಕಂಡ ಮಟ್ಟಿಗೆ ಮಕ್ಕಳ ಪಾಲಿಗೆ ಬರುವುದು ಕುರ್ಚಿ ಜೋಡಿಸುವ, ತೋರಣ ಕಟ್ಟುವ ಕೆಲಸ ಮಾತ್ರ. ಏನು ನಡೆಯಬೇಕು, ಎಷ್ಟು ಖರ್ಚಾಗಬೇಕು ಎಂಬ ತೀರ್ಮಾನವೆಲ್ಲ ದೊಡ್ಡವರದು. ಹೇಳಿದ ಕೆಲಸ ಮಾಡಿದ ಮಾತ್ರಕ್ಕೆ ಹೊಣೆಗಾರಿಕೆ ಬಂದೀತೇ? ಇಂಥ ವಿಭಾಗವನ್ನು ನಡೆಸಿದ ಅನುಭವವಿರುವವರು, ಯಾವ ಕೆಲಸದಿಂದ ಮಕ್ಕಳಲ್ಲಿ ಯಾವ ಬದಲಾವಣೆ ಕಂಡಿರಿ ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಬೇಕು.

ಉತ್ತರ 1: ಸುಳ್ಯ ಕಡೆಯ ಯುವಕ ಮಂಡಲವೊಂದರ ಮಾಜಿ ಕಾರ್ಯದರ್ಶಿಯಿಂದ

ನಿಮ್ಮ ಅನುಮಾನ ನ್ಯಾಯವಾದದ್ದು. ಮೊದಲು ಒಂದು ವಿಷಯ. 1972ರಲ್ಲಿ ಕೇಂದ್ರ ಸರ್ಕಾರದ ನೆಹರು ಯುವ ಕೇಂದ್ರಗಳು ಆರಂಭವಾದಾಗಿನಿಂದ ಹಳ್ಳಿಯ ಮಂಡಲಗಳಿಗೆ ಅವುಗಳ ಮೂಲಕ ತರಬೇತಿ, ಕ್ರೀಡಾ ಸಾಮಗ್ರಿಗಳಂಥ ನೆರವು ಸಿಗುತ್ತಾ ಬಂದಿದೆಯಾದರೂ, 2014ರ ರಾಷ್ಟ್ರೀಯ ಯುವ ನೀತಿಯ ಪ್ರಕಾರ ಯುವಜನರೆಂದರೆ 15ರಿಂದ 29 ವರ್ಷದವರು. ಆದ್ದರಿಂದ ಐದನೆಯ ತರಗತಿಯ ಮಗುವಿಗೆ ಏನು ಕೆಲಸ ಕೊಡಬೇಕೆಂದು ಮೇಲಿನಿಂದ ಯಾರೂ ಹೇಳಿಕೊಡುವುದಿಲ್ಲ. ಅದನ್ನು ಊರೇ ಯೋಚಿಸಬೇಕು.

ನಮ್ಮಲ್ಲಿ ಹೆಚ್ಚು ಫಲ ಕೊಟ್ಟದ್ದು ಕಟ್ಟ ಕಟ್ಟುವ ಶ್ರಮದಾನ. ಮಳೆಗಾಲ ಮುಗಿದು ತೋಡಿನ (ಚಿಕ್ಕ ಹಳ್ಳದ) ಹರಿವು ಇಳಿಯತೊಡಗಿದಾಗ, ತೋಟಗಳಿಗೂ ಬಾವಿಗಳಿಗೂ ಬೇಸಗೆಯಲ್ಲಿ ನೀರು ಉಳಿಯಲೆಂದು ಕಲ್ಲು, ಮಣ್ಣು, ಮರಳಿನ ಚೀಲಗಳಿಂದ ತಾತ್ಕಾಲಿಕ ಒಡ್ಡು ಹಾಕುವ ಪದ್ಧತಿ ನಮ್ಮ ಕಡೆ ಹಿಂದಿನಿಂದಲೂ ಇದೆ. ಮಕ್ಕಳನ್ನು ನೀರಿಗೆ ಇಳಿಸುವುದಿಲ್ಲ. ದಡದ ಮೇಲೆ ಚೀಲ ತುಂಬಿಸುವ ಕೆಲಸವನ್ನು ಪೂರ್ತಿಯಾಗಿ ಅವರಿಗೇ ಬಿಡುತ್ತೇವೆ. ಮೊದಲು ಅವರು ಉತ್ಸಾಹದಿಂದ ಚೀಲವನ್ನು ಬಾಯಿಯವರೆಗೂ ತುಂಬುತ್ತಾರೆ. ಆಗ ಊರಿನ ಹಿರಿಯ ಕೃಷಿಕರೊಬ್ಬರು ಅಂಥ ಒಂದು ಚೀಲವನ್ನು ಇನ್ನೊಂದರ ಮೇಲಿಟ್ಟು, ಎರಡರ ನಡುವಿನ ಸಂದಿಯಲ್ಲಿ ಕೈ ತೂರಿಸಿ ತೋರಿಸುತ್ತಾರೆ. ಮುಕ್ಕಾಲಿಗಿಂತ ಕಡಿಮೆ ತುಂಬಿದ ಚೀಲವಾದರೆ ಚಪ್ಪಟೆಯಾಗಿ ಕುಳಿತು ಪಕ್ಕದ ಚೀಲಕ್ಕೆ ಅಂಟಿಕೊಳ್ಳುತ್ತದೆ, ಎರಡು ಸಾಲುಗಳ ನಡುವೆ ಜಿಗುಟು ಮಣ್ಣನ್ನು ತುಳಿದು ತುಂಬಿದರೆ ನೀರು ನಿಲ್ಲುತ್ತದೆ. ಹಿರಿಯರಿಗೆ ಮರ್ಯಾದೆ ಕೊಡಿ ಎಂದು ಯಾರೂ ಭಾಷಣ ಮಾಡಬೇಕಾಗಿಲ್ಲ. ಸಂಜೆಯ ಹೊತ್ತಿಗೆ ನೀರು ಏರುವುದನ್ನು ಕಂಡ ಮಕ್ಕಳು, ಶಾಲೆಯ ಮೆಟ್ಟಿಲು ಹತ್ತದ ಆ ಅಜ್ಜನಲ್ಲಿ ಎಂಥ ವಿದ್ಯೆ ಇದೆಯೆಂಬುದನ್ನು ತಾವಾಗಿಯೇ ತಿಳಿಯುತ್ತಾರೆ. ಮುಂದೆ ಕಟ್ಟದಲ್ಲಿ ಎಲ್ಲಿಯಾದರೂ ನೀರು ಜಿನುಗುತ್ತಿದೆಯೇ ಎಂದು ವಾರಕ್ಕೊಮ್ಮೆ ನೋಡಿ, ಪುಸ್ತಕದಲ್ಲಿ ಬರೆದು, ಮಂಡಲಕ್ಕೆ ತಿಳಿಸುವುದೂ ಮಕ್ಕಳ ಕೆಲಸವೇ. ಹಿರಿಯರೊಬ್ಬರು ಜೊತೆಗಿದ್ದೇ ಇರುತ್ತಾರೆ, ಆದರೆ ಪುಸ್ತಕ ಮಕ್ಕಳ ಕೈಯಲ್ಲಿರುತ್ತದೆ.

ಎರಡನೆಯದು ಹಣ. ಮಕ್ಕಳ ಕ್ರೀಡಾಕೂಟಕ್ಕೆಂದು ತೆಗೆದಿಟ್ಟ ಮೊತ್ತವನ್ನು ಮಕ್ಕಳ ಖಜಾಂಚಿಗೇ ಒಪ್ಪಿಸಿ, ಕೂಟ ಮುಗಿದ ಮೇಲಿನ ಸಭೆಯಲ್ಲಿ ಆ ಮಗುವಿನಿಂದಲೇ ಲೆಕ್ಕ ಓದಿಸಬೇಕು. ಅಂಕಣಕ್ಕೆ ಗೆರೆ ಹಾಕುವ ಸುಣ್ಣದ ಪುಡಿ, ಚಮಚದ ಓಟಕ್ಕೆ ನಿಂಬೆಹಣ್ಣು, ಪಾನಕಕ್ಕೆ ಬೆಲ್ಲ, ಹೀಗೆ ಓದುತ್ತಿದ್ದ ಏಳನೆಯ ತರಗತಿಯ ಹುಡುಗಿಯನ್ನು ಒಬ್ಬ ಹಿರಿಯರು, ಓಟ ಮುಗಿದ ಮೇಲೆ ನಿಂಬೆಹಣ್ಣುಗಳು ಎಲ್ಲಿಗೆ ಹೋದವು ಎಂದು ಕೇಳಿದರು. ಅವುಗಳನ್ನು ತೊಳೆದು ಪಾನಕಕ್ಕೆ ಹಿಂಡಿದೆವು, ಅದಕ್ಕಾಗಿ ಪಾನಕಕ್ಕೆ ಬೇರೆ ನಿಂಬೆಹಣ್ಣಿನ ಖರ್ಚು ಬರೆದಿಲ್ಲ ಎಂದು ಅವಳು ನಿಂತಲ್ಲೇ ಉತ್ತರ ಕೊಟ್ಟಳು. ತನ್ನನ್ನು ಪ್ರಶ್ನಿಸಲು ಎಲ್ಲರಿಗೂ ಹಕ್ಕಿದೆ, ಪ್ರಶ್ನಿಸಿದ್ದು ಅವಮಾನವಲ್ಲ ಎಂಬ ತಿಳಿವಳಿಕೆ ಆ ವಯಸ್ಸಿನಲ್ಲೇ ಬಂದರೆ ಅದಕ್ಕಿಂತ ದೊಡ್ಡ ಪಾಠ ಬೇರೆ ಯಾವುದಿದೆ? ಆದರೆ ಒಂದು ಷರತ್ತು: ಅದೇ ಸಭೆಯಲ್ಲಿ ದೊಡ್ಡವರೂ ತಮ್ಮ ಲೆಕ್ಕವನ್ನು ರಸೀದಿ ಸಹಿತ ಓದಬೇಕು.

ಉತ್ತರ 2: ಉತ್ತರ ಕನ್ನಡದ ಯುವತಿ ಮಂಡಲವೊಂದರ ಸದಸ್ಯೆಯಿಂದ

ಮೇಲಿನವರು ಹೇಳಿದ್ದನ್ನು ಒಪ್ಪುತ್ತಲೇ, ಗೌರವದ ಬಗ್ಗೆ ಇನ್ನಷ್ಟು ಹೇಳಬೇಕೆನಿಸುತ್ತದೆ. ಹಿರಿಯರ ಮೇಲಿನ ಗೌರವ ಎಂದು ನೀವು ಬರೆದಿದ್ದೀರಿ. ನನ್ನ ಮಟ್ಟಿಗೆ ಅದಕ್ಕಿಂತ ಕಷ್ಟವಾದದ್ದು ಮಕ್ಕಳು ತಮ್ಮ ತಮ್ಮಲ್ಲೇ ಒಬ್ಬರನ್ನೊಬ್ಬರು ಗೌರವಿಸುವುದು. ಕಾರ್ಯಕ್ರಮ ಮುಗಿದ ಮೇಲೆ ಅಂಗಳ ಗುಡಿಸುವವರು ಯಾರು, ವೇದಿಕೆಯ ಮೇಲೆ ಹೂಗುಚ್ಛ ಕೊಡುವವರು ಯಾರು ಎಂಬುದನ್ನು ಒಮ್ಮೆ ಗಮನಿಸಿ. ಕಾಲೊನಿಯ ಮಕ್ಕಳು ಸದಾ ಕಸಬರಿಗೆ ಹಿಡಿದು, ಹುಡುಗಿಯರು ಸದಾ ರಂಗೋಲಿ ಹಾಕಿ, ಉಳಿದವರು ಸದಾ ಮೈಕಿನ ಮುಂದೆ ನಿಲ್ಲುವಂತಾದರೆ, ಆ ಮಂಡಲ ಮಕ್ಕಳಿಗೆ ಊರಿನ ಹಳೆಯ ತಾರತಮ್ಯವನ್ನೇ ಕಲಿಸುತ್ತಿದೆ ಎಂದರ್ಥ. ನಾವು ಗೋಡೆಯ ಮೇಲೆ ಸರದಿ ಪಟ್ಟಿಯೊಂದನ್ನು ಅಂಟಿಸಿದೆವು. ಗುಡಿಸುವುದು, ನೀರು ಕೊಡುವುದು, ನಿರೂಪಣೆ, ನಡಾವಳಿ ಬರೆಯುವುದು, ಎಲ್ಲವೂ ಎಲ್ಲರಿಗೂ ಸರದಿಯಂತೆ ಬರುತ್ತವೆ. ಕೆಲವು ಮನೆಗಳಿಂದ ಆಕ್ಷೇಪ ಬಂತು. ಆದರೂ ನಾವು ಪಟ್ಟಿಯನ್ನು ಬದಲಿಸಲಿಲ್ಲ. ಈ ವಿಷಯದಲ್ಲಿ ನೀವೂ ಗಟ್ಟಿಯಾಗಿ ನಿಲ್ಲಬೇಕೆಂದು ಕೇಳಿಕೊಳ್ಳುತ್ತೇನೆ.

ಇನ್ನೊಂದು ದಾರಿ, ಮಕ್ಕಳು ತಮ್ಮ ಅಹವಾಲುಗಳನ್ನು ಪಂಚಾಯಿತಿಯ ಮುಂದಿಡುವ ಮಕ್ಕಳ ಗ್ರಾಮ ಸಭೆ. ಕುಂದಾಪುರದ ಸುತ್ತಮುತ್ತ ದುಡಿಯುವ ಮಕ್ಕಳ ಸಂಘಟನೆಯಾದ ಭೀಮ ಸಂಘ ಹಾಗೂ ಮಕ್ಕಳ ಪಂಚಾಯಿತಿಗಳು 1990ರ ದಶಕದಲ್ಲಿ ತೋರಿದ ದಾರಿ ಮುಂದೆ ರಾಜ್ಯದಲ್ಲೆಲ್ಲ ಹಬ್ಬಿತು. ಈಗ ಗ್ರಾಮ ಪಂಚಾಯಿತಿಗಳು ವರ್ಷಕ್ಕೊಮ್ಮೆ ಇಂಥ ಸಭೆಯನ್ನು ಕರೆಯಬೇಕು. ಸಭೆಗೆ ಮೊದಲು ಮಂಡಲದ ಮಕ್ಕಳು ಊರಿನಲ್ಲಿ ಸುತ್ತಿ, ಯಾವ ಕಾಲುಸಂಕ ಮುರಿದಿದೆ, ಯಾವ ಅಂಗನವಾಡಿಯಲ್ಲಿ ನೀರಿಲ್ಲ ಎಂದು ಕಣ್ಣಾರೆ ಕಂಡು ಬರೆದುಕೊಂಡು ಬಂದರೆ, ಅವರ ಮಾತಿಗೆ ತೂಕ ಬರುತ್ತದೆ. ಆದರೆ ಮಕ್ಕಳು ಕೇಳಿದ್ದಕ್ಕೆ ಮುಂದಿನ ವರ್ಷ ಯಾರೂ ಉತ್ತರ ಕೊಡದಿದ್ದರೆ ಆ ಮಕ್ಕಳು ಮೂರನೆಯ ವರ್ಷ ಬಾಯಿ ತೆರೆಯುವುದಿಲ್ಲ. ಹುಡುಗಿಯರು ಬರಬೇಕೆಂದರೆ ಸಭೆ ಕತ್ತಲಾಗುವ ಮೊದಲೇ ಮುಗಿಯಬೇಕೆಂಬುದನ್ನೂ ಮರೆಯಬೇಡಿ.

ಉತ್ತರ 3: ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನೆಲೆಸಿರುವ ಕನ್ನಡಿಗರೊಬ್ಬರಿಂದ

ಇಲ್ಲಿನ ಹಳ್ಳಿಗಾಡಿನಲ್ಲಿ 4-ಎಚ್ ಎಂಬ ಮಕ್ಕಳ ಕ್ಲಬ್ಬುಗಳಿವೆ. 1902ರಲ್ಲಿ ಓಹಾಯೊದಲ್ಲಿ ಎ. ಬಿ. ಗ್ರಹಾಂ ಎಂಬ ಶಾಲಾ ಅಧಿಕಾರಿ ಆರಂಭಿಸಿದ ಮಕ್ಕಳ ಕೃಷಿ ಸಂಘ ಇದರ ಮೂಲವೆನ್ನುತ್ತಾರೆ. 1914ರ ಕಾಯಿದೆಯೊಂದರಿಂದ ಕೃಷಿ ವಿಶ್ವವಿದ್ಯಾಲಯಗಳ ವಿಸ್ತರಣಾ ಕಾರ್ಯದ ಬೆಂಬಲವೂ ದೊರೆಯಿತು. ಮಗು ಒಂದು ಕರುವನ್ನೋ ಮೊಲವನ್ನೋ ಆರಿಸಿಕೊಂಡು ತಿಂಗಳುಗಟ್ಟಲೆ ಸಾಕಿ, ಮೇವಿಗೆ ಎಷ್ಟಾಯಿತು, ಕಾಯಿಲೆ ಬಂದಾಗ ಏನು ಮಾಡಿದೆ ಎಂಬುದನ್ನೆಲ್ಲ ದಾಖಲೆ ಪುಸ್ತಕದಲ್ಲಿ ಬರೆದಿಡುತ್ತದೆ. ಬೇಸಗೆಯ ಜಾತ್ರೆಯಲ್ಲಿ ಅದನ್ನು ಪ್ರದರ್ಶಿಸಬೇಕು. ಹೊಲಿಗೆ, ಅಡುಗೆ, ತೋಟಗಾರಿಕೆಯಂಥ ವಿಭಾಗಗಳಲ್ಲಿ ಬಹಳ ಕಡೆ ತೀರ್ಪುಗಾರರು ಮಗುವನ್ನು ಎದುರಿಗೆ ಕೂರಿಸಿಕೊಂಡು ಮಾತನಾಡಿಸುತ್ತಾರೆ: ಎಲ್ಲಿ ತೊಡಕಾಯಿತು, ಮುಂದಿನ ಬಾರಿ ಏನನ್ನು ಬದಲಿಸುವೆ ಎಂದು ಕೇಳುತ್ತಾರೆ. ಮಕ್ಕಳನ್ನು ಒಬ್ಬರೊಡನೊಬ್ಬರು ಹೋಲಿಸದೆ, ಕೆಲಸದ ಮಟ್ಟವನ್ನು ನೋಡಿ ನೀಲಿ, ಕೆಂಪು, ಬಿಳಿ ರಿಬ್ಬನ್‌ಗಳನ್ನು ಕೊಡುವುದರಿಂದ ಎಲ್ಲಕ್ಕಿಂತ ಮೇಲಿನದಾದ ನೀಲಿ ಹಲವರಿಗೆ ಸಿಗಬಹುದು.

ಇದನ್ನು ಹಾಗೆಯೇ ತೀರ್ಥಹಳ್ಳಿಗೆ ತರಬೇಕೆಂದಲ್ಲ. ನಮ್ಮ ಹಳ್ಳಿಯ ಮಕ್ಕಳು ದನಕರುಗಳ ನಡುವೆಯೇ ಬೆಳೆದವರು, ಸಾಕುವುದನ್ನು ಅವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ. ಅನುಕರಿಸಬೇಕಾದದ್ದು ಆ ಪುಸ್ತಕವನ್ನೂ ತೀರ್ಪುಗಾರರ ತಾಳ್ಮೆಯನ್ನೂ. ಕಾಫಿ, ಅಡಿಕೆ, ಮೆಣಸಿನ ನರ್ಸರಿ ನಿಮ್ಮಲ್ಲಿ ಹೇಗೂ ಇರುತ್ತದೆ. ಒಂದು ಮಗುವಿಗೆ ಹತ್ತು ಮೆಣಸಿನ ಬಳ್ಳಿಯ ಸಸಿ ಕೊಟ್ಟು, ಬದುಕಿದ್ದೆಷ್ಟು, ಸತ್ತದ್ದು ಯಾಕೆ ಎಂದು ಬರೆಯಲು ಹೇಳಿ ನೋಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಸರದಿ ಪಟ್ಟಿಯನ್ನೂ ಮಕ್ಕಳ ಖಜಾಂಚಿಯ ವಿಷಯವನ್ನೂ ಮುಂದಿನ ಸಭೆಯಲ್ಲಿ ಇಡುತ್ತೇನೆ. ಒಂದು ಸಂದೇಹ ಉಳಿದಿದೆ: ಮಗುವಿನ ಕೈಯಲ್ಲಿ ಲೆಕ್ಕ ತಪ್ಪಿ ಹಣ ಕಡಿಮೆ ಬಿದ್ದರೆ ಏನು ಮಾಡುತ್ತೀರಿ?

ಉತ್ತರ 1 ಬರೆದವರಿಂದ

ಮೊತ್ತ ಚಿಕ್ಕದಾಗಿರಲಿ, ಕಡಿಮೆ ಬಿದ್ದರೆ ಮಂಡಲವೇ ತುಂಬಿಕೊಡಲಿ ಎಂದು ಮೊದಲೇ ನಿರ್ಣಯ ಮಾಡಿ ಬರೆದಿಟ್ಟುಕೊಳ್ಳಿ. ಮಗುವಿನ ಮನೆಯವರಿಂದ ಎಂದಿಗೂ ವಸೂಲು ಮಾಡಬೇಡಿ. ಹಾಗೆ ಮಾಡಿದರೆ ಉಳ್ಳವರ ಮನೆಯ ಮಕ್ಕಳಷ್ಟೇ ಖಜಾಂಚಿಯಾಗಲು ಮುಂದೆ ಬರುತ್ತಾರೆ. ಮಗುವನ್ನು ಪಕ್ಕದಲ್ಲಿ ಕೂರಿಸಿಕೊಂಡು ರಸೀದಿಗಳನ್ನು ಒಂದೊಂದಾಗಿ ತಾಳೆ ನೋಡಿ, ತಪ್ಪಿದ್ದು ಎಲ್ಲಿ ಎಂಬುದನ್ನು ಅದೇ ಹುಡುಕುವವರೆಗೆ ಕಾಯಿರಿ. ಮುಂದಿನ ಕಾರ್ಯಕ್ರಮದ ಹಣವನ್ನೂ ಅದೇ ಮಗುವಿನ ಕೈಗೇ ಕೊಡಿ.