ಬಂಕರ್‌ನಿಂದ ಹೊಡೆದ ಬಾಲ್ ಗ್ರೀನ್ ದಾಟಿ ಆಚೆ ಹೋಗುತ್ತದೆ, ಎಲ್ಲ ಮಾಡಿ ನೋಡಿದೆ

ಸುರತ್ಕಲ್ ಸ್ಲೈಸ್
ಮಂಡೆ ಬಿಸಿಯಾಗಿದೆ ಮಾರಾಯ್ರೆ. ಗಾಲ್ಫ್ ಆಡುವಾಗ ಬಂಕರಿಗೆ, ಅಂದರೆ ಮರಳಿನ ಗುಂಡಿಗೆ, ಬಾಲ್ ಬಿತ್ತು ಅಂದರೆ ಆ ಹೋಲ್ ಹೋಯಿತು ಅಂತಲೇ ಲೆಕ್ಕ. ಗ್ರೀನ್ (ಹೋಲಿನ ಸುತ್ತದ ನುಣುಪು ಹುಲ್ಲು) ಪಕ್ಕದ ಬಂಕರ್, ಹೋಲಿನ ಬಾವುಟದ ಪಿನ್ ಕಣ್ಣೆದುರಿಗೇ ಇರುತ್ತದೆ. ಹೊಡೆದರೆ ಬಾಲ್ ಗುಂಡಿನ ಹಾಗೆ ಗ್ರೀನ್ ದಾಟಿ ಆಚೆಯ ಪೊದೆಗೆ. ಇಲ್ಲವಾದರೆ ಬಂಕರಿನ ಅಂಚು, ಅಂದರೆ ಎದುರಿನ ಲಿಪ್‌ಗೆ ಬಡಿದು ಪುನಃ ನನ್ನ ಕಾಲಬುಡಕ್ಕೆ. ವಿಡಿಯೋದಲ್ಲಿ ಹೇಳಿದ್ದೆಲ್ಲ ಮಾಡುತ್ತಿದ್ದೇನೆ. ಫೇಸ್ ಓಪನ್ (ಕ್ಲಬ್ಬಿನ ಹೊಡೆಯುವ ಮುಖ ಆಕಾಶದ ಕಡೆ ತೆರೆದು), ಕಾಲು ಅಗಲ, ಬಾಲ್ ಎಡಗಾಲಿನ ಕಡೆ, ಬಾಲಿಗಿಂತ ಎರಡು ಅಂಗುಲ ಹಿಂದೆ ಹೊಡೆತ. ಇನ್ನು ಎಂತ ಮಾಡುವುದು? ಭಾನುವಾರ ಮ್ಯಾಚ್ ಉಂಟು.

ಬೋಗಿ ಮಾಸ್ಟ್ರು
ಇದಕ್ಕೆ ಕಾರಣ ಒಂದೇ. ನೀವು ಫೇಸ್ ಓಪನ್ ಮಾಡಿದ್ದೇನೆ ಅಂದುಕೊಂಡಿದ್ದೀರಿ, ಆದರೆ ಸಾಕಷ್ಟು ಮಾಡಿಲ್ಲ. ಮೊದಲು ಗ್ರಿಪ್ ಹಿಡಿದು ಆಮೇಲೆ ಕೈ ತಿರುಗಿಸುವುದಲ್ಲ. ಮೊದಲು ಕ್ಲಬ್ ತಿರುಗಿಸಿ, ಆಮೇಲೆ ಗ್ರಿಪ್ ಹಿಡಿಯಿರಿ. ಇನ್ನೂ ಜಾಸ್ತಿ ಓಪನ್ ಮಾಡಿ, ಬಾಲನ್ನು ಮರೆತು ಹೊಯ್ಗೆಗೆ ಹೊಡೆಯಿರಿ.

ಸುರತ್ಕಲ್ ಸ್ಲೈಸ್
ಮಾಸ್ಟ್ರೇ, ಇವತ್ತು ಬೆಳಿಗ್ಗೆ ಹಾಗೇ ಮಾಡಿದೆ. ಇನ್ನೂ ದೂರ ಹೋಯಿತು. ಒಂದು ಬಾಲ್ ಸಿಗಲೇ ಇಲ್ಲ.

ಬೋಗಿ ಮಾಸ್ಟ್ರು
ಹಾಗಾದರೆ ಮಧ್ಯದಲ್ಲಿ ಸ್ವಿಂಗ್ ನಿಲ್ಲಿಸುತ್ತಿದ್ದೀರಿ. ಹೆದರಿಕೆ ಅದು. ಪೂರ್ತಿ ಹೊಡೆಯಿರಿ, ಫೇಸ್ ಇನ್ನೂ ಓಪನ್.

ಮಣಿಪಾಲ ಮಲ್ಲಿಗನ್
ಒಂದು ನಿಮಿಷ. ಬಾಲನ್ನು ಎತ್ತಿ ಹೊಡೆಯುವ ಕ್ಲಬ್ ಉಂಟಲ್ಲ, ವೆಜ್, ಅದು ಯಾವುದು? ಹೊಯ್ಗೆ ಹೇಗಿದೆ, ಒಣಗಿದೆಯೋ ಒದ್ದೆಯೋ? ಎಷ್ಟು ದಪ್ಪ? ಇದನ್ನು ಹೇಳದೆ ಯಾರು ಏನು ಹೇಳಿದರೂ ಸುಮ್ನೆ ಗುಡ್ಡಕ್ಕೆ ಕಲ್ಲು ಹೊತ್ತ ಹಾಗೆ.

ಕಂಕನಾಡಿ ಕ್ಯಾರಿ
ವೆಜ್ ವಿಷಯ ಬಂತು ಅಂತ ಹೇಳುತ್ತೇನೆ. ನನ್ನದು 50, 54, 58, ಮೂರೂ ವೋಕಿ ಬ್ರ್ಯಾಂಡಿನದ್ದು. 58 ಎಂ ಗ್ರೈಂಡ್ (ಅಡಿಭಾಗ ಕಡೆದ ರೀತಿ), ಬೌನ್ಸ್ 8. ಲೇಪ ಇಲ್ಲದ ರಾ ಫಿನಿಶ್ ತಗೊಂಡೆ, ನಮ್ಮ ಸಮುದ್ರದ ಗಾಳಿಗೆ ಈಗ ಪೂರ್ತಿ ತುಕ್ಕು ಬಣ್ಣ. ನೋಡಲಿಕ್ಕೆ ಎಷ್ಟು ಚಂದ! ಬೆಂಗಳೂರಿನ ಕೆಜಿಎ ಗಾಲ್ಫ್ ಕೋರ್ಸಿನಲ್ಲಿ ಆಡಿದಾಗ ನಾಲ್ಕು ಜನ ಕೇಳಿದರು.

ಬೋಗಿ ಮಾಸ್ಟ್ರು
ತುಕ್ಕು ಹಿಡಿದ ಕ್ಲಬ್ ತೋರಿಸಿ ಶೋಕಿ ಮಾಡುವವರು ನೀವೇ ಮೊದಲು.

ಸುರತ್ಕಲ್ ಸ್ಲೈಸ್
ಸ್ಯಾಂಡ್ ವೆಜ್ಜೇ. ಭಾವ ದುಬೈಯಿಂದ ತಂದದ್ದು. ಹಿಂಬದಿಯಲ್ಲಿ 56, ಅದರ ಪಕ್ಕ 14 ಅಂತ ಉಂಟು. ಹೊಯ್ಗೆ ಅಂದರೆ ಹೊಯ್ಗೆ, ಮಳೆ ಬಿಟ್ಟ ಮೇಲೆ ಎಲ್ಲ ಕಡೆ ಇರುವ ಹಾಗೇ. ಸ್ವಲ್ಪ ಗಟ್ಟಿ. ಹೊಡೆದರೆ ಕೆಲವು ಕಡೆ ಟಕ್ ಅಂತ ಶಬ್ದ ಬರುತ್ತದೆ.

ಮಣಿಪಾಲ ಮಲ್ಲಿಗನ್
ಆ ಟಕ್ ಶಬ್ದವನ್ನು ಮೊದಲೇ ಹೇಳಬೇಕಿತ್ತು ನೋಡಿ.

56 ಅಂದರೆ ಲಾಫ್ಟ್, ಫೇಸ್ ಎಷ್ಟು ಡಿಗ್ರಿ ಹಿಂದಕ್ಕೆ ವಾಲಿದೆ ಅಂತ. 14 ಅಂದರೆ ಬೌನ್ಸ್. ಕ್ಲಬ್ಬಿನ ಅಡಿಭಾಗ ಸೋಲ್, ಅದರ ಮುಂದಿನ ಅಂಚು ಲೀಡಿಂಗ್ ಎಡ್ಜ್. ಸೋಲ್‌ನ ಹಿಂಭಾಗ ಲೀಡಿಂಗ್ ಎಡ್ಜ್‌ಗಿಂತ ಕೆಳಗೆ ಇಳಿದಿರುತ್ತದಲ್ಲ, ಆ ಕೋನ ಅದು. 14 ಜಾಸ್ತಿಯೇ. ಸಡಿಲ, ಒಣ ಹೊಯ್ಗೆಯಲ್ಲಿ ಅದು ಚಿನ್ನ. ಕ್ಲಬ್ ಆಳಕ್ಕೆ ಇಳಿಯದೆ ಜಾರಿಕೊಂಡು ಹೋಗುತ್ತದೆ, ಹೊಯ್ಗೆಯೇ ಬಾಲನ್ನು ಎತ್ತಿ ಕೊಡುತ್ತದೆ. ಆದರೆ ನಮ್ಮ ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್‌ಗೂ ಹೆಚ್ಚು ಮಳೆ. ಮಳೆಗಾಲ ಕಳೆಯುವಾಗ ಹೊಯ್ಗೆ ಕೂತು ಗಟ್ಟಿಯಾಗಿರುತ್ತದೆ. ಮೇಲಿನ ಇಳಿಜಾರಿನದ್ದು ತೊಳೆದುಹೋಗಿ ಕೆಲವು ಕಡೆ ಅಡಿಯ ಮಣ್ಣು, ಮುರಕಲ್ಲು ಹತ್ತಿರ ಬಂದಿರುತ್ತದೆ. ಅಂಥಲ್ಲಿ 14ರ ಸೋಲ್ ಒಳಗೆ ಹೋಗುವುದೇ ಇಲ್ಲ. ಬಡಿದು ಪುಟಿಯುತ್ತದೆ, ಲೀಡಿಂಗ್ ಎಡ್ಜ್ ಬಂದು ಬಾಲಿನ ಹೊಟ್ಟೆಗೆ ಹೊಡೆಯುತ್ತದೆ. ಎದುರಿನ ಲಿಪ್ ತಗ್ಗಾಗಿದ್ದರೆ ಬಾಲ್ ಗ್ರೀನ್ ದಾಟಿತು, ಎತ್ತರವಾಗಿದ್ದರೆ ಲಿಪ್‌ಗೆ ಬಡಿಯಿತು. ಎರಡೂ ಒಂದೇ ರೋಗ.

ಫೇಸ್ ಓಪನ್ ಮಾಡಿದಷ್ಟೂ ಬೌನ್ಸ್ ಇನ್ನೂ ಜಾಸ್ತಿಯಾಗುತ್ತದೆ. ಮಾಸ್ಟ್ರು ಹೇಳಿದ ಹಾಗೆ ಮಾಡಿ ಇನ್ನೂ ದೂರ ಹೋದದ್ದು ಅದಕ್ಕೇ.

ಬೋಗಿ ಮಾಸ್ಟ್ರು
ಅದೆಲ್ಲ ಪುಸ್ತಕದ ಲೆಕ್ಕ. ಅಮೆರಿಕದ ಆಟಗಾರ ಜೀನ್ ಸಾರಜೆನ್ ಕ್ಲಬ್ಬಿನ ಹಿಂಬದಿಗೆ ಬೆಸುಗೆ ಹಾಕಿ ಬೌನ್ಸ್ ಕೂಡಿಸಿ, 1932ರಲ್ಲಿ ಬ್ರಿಟಿಷ್ ಓಪನ್ ಗೆದ್ದ. ಬೌನ್ಸ್ ಕೆಟ್ಟದ್ದು ಅಂತ ನೀವು ಹೇಳುತ್ತೀರಾ?

ಮಣಿಪಾಲ ಮಲ್ಲಿಗನ್
ಕೆಟ್ಟದ್ದು ಅಂತ ಎಲ್ಲಿ ಹೇಳಿದೆ? ಅವರು ಆಡಿದ್ದು ಇಂಗ್ಲೆಂಡಿನ ಸಮುದ್ರದಂಡೆಯ ಹೊಯ್ಗೆಯಲ್ಲಿ. ಮುರಕಲ್ಲಿನ ಮೇಲೆ ಅಲ್ಲ.

ಕಂಕನಾಡಿ ಕ್ಯಾರಿ
ಹೊಯ್ಗೆ ಗಟ್ಟಿಯೋ ಅಲ್ಲವೋ ನೋಡಲಿಕ್ಕೆ ಶಾಟ್ ಮುಂಚೆ ಕ್ಲಬ್ಬಿನಿಂದ ಒಮ್ಮೆ ಒತ್ತಿ ನೋಡಿ, ಗೊತ್ತಾಗುತ್ತದೆ.

ಬೋಗಿ ಮಾಸ್ಟ್ರು
ಒತ್ತಿ ನೋಡಿ ಎರಡು ಸ್ಟ್ರೋಕ್ ದಂಡ ಕಟ್ಟಲಿ ಅಂತಲಾ? ಹೊಯ್ಗೆ ಪರೀಕ್ಷೆ ಮಾಡಲಿಕ್ಕೆ ಇಲ್ಲ. ಪ್ರಾಕ್ಟೀಸ್ ಸ್ವಿಂಗ್‌ನಲ್ಲೂ ತಾಗಬಾರದು, ಬ್ಯಾಕ್‌ಸ್ವಿಂಗ್‌ನಲ್ಲೂ ತಾಗಬಾರದು. ಎಲೆ, ಕಡ್ಡಿ ಕೂಡ ಮುಟ್ಟಬಾರದು.

ಕಂಕನಾಡಿ ಕ್ಯಾರಿ
ಎಲೆ ಕಡ್ಡಿ 2019ರಿಂದ ತೆಗೆಯಬಹುದು ಮಾಸ್ಟ್ರೇ. ನೀವು ಹಳೇ ರೂಲ್ ಹಿಡಿದುಕೊಂಡು ಕೂತಿದ್ದೀರಿ.

ಬೋಗಿ ಮಾಸ್ಟ್ರು
ಕಡ್ಡಿ ತೆಗೆಯುವಾಗ ಬಾಲ್ ಅಲ್ಲಾಡಿದರೆ ಒಂದು ಸ್ಟ್ರೋಕ್. ಅದೂ ಗೊತ್ತಿರಲಿ.

ಮಣಿಪಾಲ ಮಲ್ಲಿಗನ್
ಅದು ಸರಿ. ಆದರೆ ನಿಲ್ಲಲಿಕ್ಕೆ ಕಾಲು ಊರಿಸುವುದು ತಪ್ಪಲ್ಲ. ಕಾಲೇ ಹೇಳುತ್ತದೆ. ಶೂ ಸುಲಭವಾಗಿ ಒಳಗೆ ಹೋದರೆ ಹೊಯ್ಗೆ ಸಡಿಲ, ಹೋಗದಿದ್ದರೆ ಗಟ್ಟಿ.

ಸ್ಲೈಸ್ ಅವರೇ, ಗಟ್ಟಿ ಇದ್ದಲ್ಲಿ ಆ 56 ಬ್ಯಾಗಲ್ಲೇ ಇರಲಿ. ಬೌನ್ಸ್ ಕಡಿಮೆ ಇರುವ ಕ್ಲಬ್ ತಗೊಳ್ಳಿ, ಪಿಚಿಂಗ್ ವೆಜ್ ಆದರೂ ಅಡ್ಡಿಯಿಲ್ಲ. ಫೇಸ್ ನೇರ. ಬಾಲ್ ನೀವು ಇಡುವುದಕ್ಕಿಂತ ಸ್ವಲ್ಪ ಹಿಂದೆ. ಎರಡು ಅಂಗುಲ ಬೇಡ, ಒಂದು ಅಂಗುಲ ಸಾಕು. ಬಾಲ್ ತಗ್ಗಾಗಿ ಬಂದು ಜಾಸ್ತಿ ಉರುಳುತ್ತದೆ, ಹಾಗಾಗಿ ಪಿನ್‌ಗಿಂತ ಈಚೆ ಬೀಳಿಸಬೇಕು. ಲಿಪ್ ತೀರಾ ಎತ್ತರ ಇದ್ದರೆ ಪಕ್ಕಕ್ಕೆ ಹೊಡೆದು ಹೊರಬನ್ನಿ. ನಾಚಿಕೆ ಎಂತ?

ಪ್ರಾಕ್ಟೀಸಿಗೆ ತಣ್ಣೀರುಬಾವಿ ಬೀಚಿಗೆ ಹೋಗಿ. ಬಾಲ್ ಬೇಡ. ಒಂದು ಗೆರೆ ಎಳೆದು, ಕ್ಲಬ್ ಪ್ರತಿ ಸಲ ಗೆರೆಗೇ ಬೀಳುತ್ತದಾ ನೋಡಿ. ಮೇಲಿನ ಒಣ ಜಾಗದಲ್ಲಿ ಸ್ವಲ್ಪ, ನೀರಿನ ಹತ್ತಿರದ ಗಟ್ಟಿ ಜಾಗದಲ್ಲಿ ಸ್ವಲ್ಪ. ಒಂದೇ ಕ್ಲಬ್ ಎರಡು ಕಡೆ ಎರಡು ತರ ಮಾಡುವುದು ಕೈಗೇ ಗೊತ್ತಾಗುತ್ತದೆ. ಸಂಜೆ ಜನ ಜಾಸ್ತಿ, ಬೆಳಿಗ್ಗೆ ಬೇಗ ಹೋಗಿ.

ಕಾಪು ಲೈಟ್‌ಹೌಸ್
ನನ್ನದು ಉಲ್ಟಾ. ಮಾರ್ಚಿನಲ್ಲಿ ಹೊಯ್ಗೆ ಒಣಗಿ ಹುಡಿ ಆದಾಗ ಬಾಲ್ ಅರ್ಧ ಹೂತುಹೋಗುತ್ತದೆ. ಹೊಡೆದರೆ ಎರಡಡಿ ಮುಂದೆ ಹೋಗಿ ಕೂರುತ್ತದೆ. ಅದಕ್ಕೆ ಎಂತ ಮಾಡುವುದು?

ಬೋಗಿ ಮಾಸ್ಟ್ರು
ಫೇಸ್ ಓಪನ್.

ಕಂಕನಾಡಿ ಕ್ಯಾರಿ
ಅಯ್ಯೋ, ಪುನಃ ಶುರುವಾಯಿತು.

ಮಣಿಪಾಲ ಮಲ್ಲಿಗನ್
ಹೂತ ಬಾಲಿಗೆ ಫೇಸ್ ನೇರ, ಬೇಕಾದರೆ ಸ್ವಲ್ಪ ಕ್ಲೋಸ್. ಮೇಲಿನಿಂದ ಕಡಿದಾಗಿ ಇಳಿಸಿ. ಲೀಡಿಂಗ್ ಎಡ್ಜ್ ಬಾಲಿನ ಅಡಿಗೆ ಅಗೆಯಬೇಕು. ಸ್ಪಿನ್ ಇರುವುದಿಲ್ಲ, ಓಡುತ್ತದೆ. ಲಿಪ್ ಅಡಿಯಲ್ಲೇ ಹೂತಿದ್ದರೆ ಅನ್‌ಪ್ಲೇಯಬಲ್ ಅಂತ ಹೇಳಿ. ಹಾಗೆ ಹೇಳಿದರೆ ಬಾಲನ್ನು ಎತ್ತಿ ಬೇರೆ ಕಡೆ ಕೈಯಿಂದ ಬೀಳಿಸಬಹುದು, ಅದೇ ಡ್ರಾಪ್. ಬಂಕರ್ ಒಳಗೇ ಡ್ರಾಪ್ ಆದರೆ ಒಂದು ಸ್ಟ್ರೋಕ್ ದಂಡ. ಪಿನ್ ಮತ್ತು ಬಾಲಿನ ಗೆರೆಯಲ್ಲೇ ಹಿಂದೆ ಹೋಗಿ ಬಂಕರ್ ಹೊರಗೆ ಡ್ರಾಪ್ ಮಾಡಿದರೆ ಎರಡು.

ಸುರತ್ಕಲ್ ಸ್ಲೈಸ್
ಮ್ಯಾಚ್ ಮುಗಿಯಿತು. ಎರಡು ಬಂಕರ್‌ನಿಂದ ಪಿಚಿಂಗ್ ವೆಜ್ಜಲ್ಲಿ ಹೊರಬಂದೆ, ಒಂದಂತೂ ಗ್ರೀನ್ ಮಧ್ಯಕ್ಕೇ ಬಂತು. ಮೂರನೆಯದರ ಲಿಪ್ ನನ್ನ ಎದೆಯ ಮಟ್ಟ. ಪಕ್ಕಕ್ಕೆ ಹೊಡೆಯೋಣ ಅಂದರೆ ಪಾರ್ಟ್ನರ್ ನೋಡುತ್ತಾ ನಿಂತಿದ್ದಾನೆ! ಆ ಹೋಲಿಗೆ ಏಳು ಹೊಡೆತ ಆಯಿತು. ಇಷ್ಟು ಎತ್ತರದ ಲಿಪ್, ಅಡಿಯಲ್ಲಿ ಗಟ್ಟಿ ಹೊಯ್ಗೆ, ಎರಡೂ ಒಟ್ಟಿಗೆ ಇದ್ದರೆ ಯಾವ ಕ್ಲಬ್?

ಕಂಕನಾಡಿ ಕ್ಯಾರಿ
ಲಾಫ್ಟ್ ಜಾಸ್ತಿ, ಬೌನ್ಸ್ ಕಡಿಮೆ. ನನ್ನ 58ರ ತರದ್ದು. ಫೋಟೋ ಹಾಕಲಾ? ಅಂದ ಹಾಗೆ ನಿಮ್ಮ 56 ಕೊಡುವುದಾದರೆ ರೇಟ್ ಹೇಳಿ, ಬೇಸಿಗೆಗೆ ನನಗೆ ಆಗುತ್ತದೆ.

ಸುರತ್ಕಲ್ ಸ್ಲೈಸ್
ಭಾವ ಕೊಟ್ಟದ್ದನ್ನು ಮಾರಿದರೆ ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ. ನಿಮ್ಮ 58 ಒಂದು ವಾರಕ್ಕೆ ಕೊಡುತ್ತೀರಾ?

ಬೋಗಿ ಮಾಸ್ಟ್ರು
58 ಆದರೂ ಫೇಸ್ ಓಪನ್ ಮಾಡಲೇಬೇಕು. ಬರೆದಿಟ್ಟುಕೊಳ್ಳಿ.