ಮರುವಾಯಿ ತಿಂದರೆ ರೋಗನಿರೋಧಕ ಶಕ್ತಿ ಹೆಚ್ಚುತ್ತದೆಯೇ? ಕರುಳಿಗೆ ಒಳ್ಳೆಯದೇ?

ಉದ್ಯಾವರದಿಂದ ಪ್ರಶ್ನೆ

ಟೈಫಾಯ್ಡ್‌ಗೆಂದು ಎರಡು ವಾರ ಆಂಟಿಬಯೋಟಿಕ್ ತೆಗೆದುಕೊಂಡ ಮೇಲೆ ನನ್ನ ಹೊಟ್ಟೆ ಇನ್ನೂ ಹದಕ್ಕೆ ಬಂದಿಲ್ಲ. ಹೊಳೆಯ ಮರುವಾಯಿ ಎಂಬ ಚಿಪ್ಪುಜೀವಿಯ ಸುಕ್ಕ (ಮಸಾಲೆ ಹಾಕಿದ ಒಣ ಪಲ್ಯ) ತಿಂದರೆ ಮೈಗೆ ಬಲ ಬರುತ್ತದೆ, ಕರುಳೂ ಸರಿಹೋಗುತ್ತದೆ ಎಂದು ಅತ್ತೆಯವರು ಹೇಳುತ್ತಾರೆ. ಸಿಗಡಿ ಸಿಪ್ಪೆಯ ಕೈಟಿನ್ ಎಂಬ ನಾರು ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾಗಳಿಗೆ ಆಹಾರವೆಂದು ವಾಟ್ಸ್ಯಾಪ್‌ನಲ್ಲಿಯೂ ಓದಿದೆ. ಇದರಲ್ಲಿ ಎಷ್ಟು ನಿಜ?

ಆಹಾರಶಾಸ್ತ್ರ ಓದಿದವಳು, ಮಂಗಳೂರು

ನಿಮ್ಮ ಅತ್ತೆಯವರ ಮಾತಿನ ಮೊದಲರ್ಧವನ್ನು ಒಪ್ಪುತ್ತೇನೆ. ವಯಸ್ಕರಿಗೆ ದಿನಕ್ಕೆ ಬೇಕಾದ ಬಿ12 ಜೀವಸತ್ವ ಸುಮಾರು 2.4 ಮೈಕ್ರೋಗ್ರಾಂ ಮಾತ್ರ. ಒಂದು ಸಣ್ಣ ಬಟ್ಟಲು ಮರುವಾಯಿಯಲ್ಲಿ ಅದರ ಹಲವು ಪಟ್ಟು ಇರುತ್ತದೆ. ಜೊತೆಗೆ ಕಬ್ಬಿಣ, ಸೆಲೆನಿಯಂ ಮತ್ತು ಸತುವೂ ಸಿಗುತ್ತವೆ. ಸೋಂಕಿನೊಡನೆ ಹೋರಾಡುವ ಟಿ-ಕೋಶಗಳು ಬೆಳೆಯುವುದಕ್ಕೂ ಕರುಳಿನ ಒಳಪದರ ದುರಸ್ತಿಯಾಗುವುದಕ್ಕೂ ಸತು ಬೇಕು. ಮಕ್ಕಳಿಗೆ ಭೇದಿಯಾದಾಗ ಓಆರ್‌ಎಸ್ ಜೊತೆಗೆ ಸತುವಿನ ಮಾತ್ರೆ ಕೊಡುವುದು ಇದೇ ಕಾರಣಕ್ಕೆ. ಆದರೆ ಕೊರತೆ ಇದ್ದವರಿಗೆ ಅದು ತುಂಬಿಬರುತ್ತದೆಯೇ ಹೊರತು, ಕೊರತೆಯೇ ಇಲ್ಲದವರು ಹೆಚ್ಚು ತಿಂದರೆ ನಿರೋಧಕ ಶಕ್ತಿ ಇಮ್ಮಡಿಯಾಗುವುದಿಲ್ಲ.

ಕೈಟಿನ್ ಕುರಿತ ಅಧ್ಯಯನಗಳು ಬಹುಪಾಲು ಪ್ರಾಣಿಗಳ ಮೇಲೆ ನಡೆದಿವೆ. ಅದಲ್ಲದೆ ನಾವು ಸಿಪ್ಪೆಯನ್ನು ಬಿಡಿಸಿ ಎಸೆಯುತ್ತೇವಲ್ಲ! ಮರುವಾಯಿಯ ಮಾಂಸದಲ್ಲಿಯೂ ನಾರಿನಂಶ ಇಲ್ಲವೆಂದೇ ಹೇಳಬಹುದು. ಕರುಳಿನ ಬ್ಯಾಕ್ಟೀರಿಯಾಗಳ ಮಟ್ಟಿಗೆ ಹೇಳುವುದಾದರೆ, ಬಸಳೆಗೆ ಸಿಗಡಿ ಹಾಕಿ ಮಾಡುವ ಗಸಿಯಲ್ಲಿ ನಿಜವಾದ ಉಪಕಾರ ಬಸಳೆಯದ್ದು.

ಮೂಲ್ಕಿಯ ಅಡುಗೆಯವರು

ಪೋಷಕಾಂಶಗಳ ಲೆಕ್ಕಕ್ಕಿಂತ ಮೊದಲು ಆ ಮರುವಾಯಿ ಯಾವ ನೀರಿನದ್ದು ಎಂದು ಕೇಳಬೇಕು. ಅದು ನೀರನ್ನು ಸೋಸಿ ಆಹಾರ ಹುಡುಕುವ ಜೀವಿಯಾದುದರಿಂದ, ಅಳಿವೆಗೆ ಚರಂಡಿ ಸೇರುವ ಕಡೆ ಹೆಪಟೈಟಿಸ್ ಎ, ನೊರೊವೈರಸ್‌ಗಳಂಥವನ್ನೂ ತನ್ನೊಳಗೆ ಕೂಡಿಟ್ಟುಕೊಳ್ಳುತ್ತದೆ. ಟೈಫಾಯ್ಡ್ ಕೂಡ ಚಿಪ್ಪುಜೀವಿಗಳ ಮೂಲಕ ಹರಡಿದ್ದುಂಟು. ಇಡೀ ರಾತ್ರಿ ನೀರಿನಲ್ಲಿ ನೆನೆಸಿದರೆ ಮರಳು ಹೋಗುತ್ತದೆ, ವೈರಸ್ ಹೋಗುವುದಿಲ್ಲ. ಹಸಿಯಾಗಿರುವಾಗಲೇ ಬಾಯಿ ಬಿಟ್ಟಿದ್ದು, ತಟ್ಟಿದರೂ ಮುಚ್ಚದಿರುವುದನ್ನು ಎಸೆಯಿರಿ. ಕುದಿಯುವಾಗ ಬಾಯಿ ಬಿಟ್ಟ ಕೂಡಲೇ ಇಳಿಸದೆ ಇನ್ನೂ ನಾಲ್ಕೈದು ನಿಮಿಷ ಬೇಯಿಸಿರಿ. ಕೊನೆಗೂ ಬಾಯಿ ಬಿಡದಿದ್ದುದನ್ನು ತೆಗೆದುಹಾಕಿರಿ. ನಿಮ್ಮ ಸ್ಥಿತಿಯಲ್ಲಿ ನಾನಾಗಿದ್ದರೆ ಹೊಟ್ಟೆ ಸರಿಯಾಗುವವರೆಗೆ ಸುಕ್ಕದ ಖಾರವನ್ನೂ ಮುಟ್ಟುತ್ತಿರಲಿಲ್ಲ.

ಕುಂದಾಪುರದಿಂದ

ಸಿಗಡಿ, ಏಡಿ ತಿಂದಾಗ ತುಟಿ ಊದುವವರು, ಮೈ ತುರಿಸುವವರು ವೈದ್ಯರನ್ನು ಕೇಳದೆ ಮರುವಾಯಿಯನ್ನೂ ಪ್ರಯೋಗಿಸಬಾರದು. ಅಲರ್ಜಿ ಉಂಟುಮಾಡುವ ಟ್ರೋಪೋಮಯೋಸಿನ್ ಎಂಬ ಪ್ರೋಟೀನ್ ಎಷ್ಟು ಬೇಯಿಸಿದರೂ ನಾಶವಾಗುವುದಿಲ್ಲ.

ಉದ್ಯಾವರದಿಂದ

ನನಗೆ ಅಲರ್ಜಿ ಇಲ್ಲ. ಈ ವಾರ ವೈದ್ಯರನ್ನು ಮತ್ತೊಮ್ಮೆ ಕಂಡು, ಅಲ್ಲಿಯವರೆಗೆ ಗಂಜಿಯಲ್ಲಿಯೇ ಇರುತ್ತೇನೆ. ಅತ್ತೆಯವರಿಗೆ ಬಸಳೆಯ ವಿಷಯ ಹೇಳಿದೆ. ಅದನ್ನು ತಾವು ಮೊದಲೇ ಹೇಳಿದ್ದಾಗಿ ವಾದಿಸುತ್ತಿದ್ದಾರೆ.