ಎಸ್‌ಸಿಎಕ್ಸ್10 ಚಾಸಿ ಮೇಲೆ ಜಿಪ್ಸಿ ಬಾಡಿ: ಚಾಸಿ ಕತ್ತರಿಸಲಾ, ಬಾಡಿ ದೊಡ್ಡದು ಮಾಡಲಾ?

ಏಲಕ್ಕಿಕಾಡು:

ಎಲ್ಲರಿಗೂ ನಮಸ್ಕಾರ. ಸಕಲೇಶಪುರದ ಹತ್ತಿರ ನಮ್ಮದೊಂದು ಸಣ್ಣ ಕಾಫಿ ತೋಟ. ಅಪ್ಪ ತಗೊಂಡ ಮಾರುತಿ ಜಿಪ್ಸಿ ಇನ್ನೂ ಓಡುತ್ತಿದೆ. ಬಿಳಿ ಬಣ್ಣ, ಮುಂದೆ ಪೈಪು ಬೆಸುಗೆ ಹಾಕಿಸಿದ ಬಂಪರ್, ಹಿಂದಿನ ಬಾಗಿಲು ಒದ್ದರೆ ಮಾತ್ರ ಮುಚ್ಚುತ್ತದೆ. ಅದರದ್ದೇ ಒಂದು ಆರ್‌ಸಿ ಕ್ರಾಲರ್ (ರಿಮೋಟಿನಲ್ಲಿ ಓಡುವ, ಕಲ್ಲು ಹತ್ತುವ ಪುಟ್ಟ ಗಾಡಿ) ಮಾಡಬೇಕು ಅಂತ ಹೊರಟಿದ್ದೇನೆ. ರೆಡಿಮೇಡ್ ಜಿಪ್ಸಿ ಬಾಡಿ ನನಗೆ ಸಿಗಲಿಲ್ಲ. ಹಾಗಾಗಿ ಬಾಡಿ ನಾನೇ ಮಾಡಿಸಬೇಕು.

ಕೈಯಲ್ಲಿರುವ ಸಾಮಾನು ಇಷ್ಟು: ಎಸ್‌ಸಿಎಕ್ಸ್10 ಮಾದರಿಯ ಚಾಸಿ ಕಿಟ್, ವೀಲ್‌ಬೇಸ್ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) 313 ಎಂಎಂ, ಎರಡೂ ಆಕ್ಸಲ್ ಲಾಕ್, ಅಂದರೆ ಎಡಬಲ ಚಕ್ರ ಒಟ್ಟಿಗೇ ಸುತ್ತುತ್ತವೆ. 1.9 ಇಂಚು ರಿಮ್, ಟೈರಿನ ಎತ್ತರ 108 ಎಂಎಂ. ಹಳೇ ಆರ್‌ಸಿ ಬಗ್ಗಿಯಿಂದ ಬಿಚ್ಚಿದ 21 ಟರ್ನ್ (ತಂತಿಯ ಸುತ್ತು) ಮೋಟರ್, ಮೋಟರಿನ ವೇಗ ನಿಯಂತ್ರಿಸುವ ಹಾಬಿವಿಂಗ್ 1060 ಇಎಸ್‌ಸಿ, ಸ್ಟೀರಿಂಗ್ ತಿರುಗಿಸುವ 25 ಕೆಜಿ ಸರ್ವೋ, 2ಎಸ್ (ಎರಡು ಸೆಲ್) ಲಿಪೋ ಬ್ಯಾಟರಿ, ಫ್ಲೈಸ್ಕೈ ಜಿಟಿ3ಬಿ ರಿಮೋಟ್.

ನಿಜವಾದ ಜಿಪ್ಸಿಯ ವೀಲ್‌ಬೇಸ್ 2375 ಎಂಎಂ. ಹತ್ತನೇ ಒಂದು ಅಳತೆಗೆ ಇಳಿಸಿದರೆ 237.5 ಬರುತ್ತದೆ. ಅಂದರೆ ಚಾಸಿಯ ಎರಡೂ ಪಟ್ಟಿಯಿಂದ 75 ಎಂಎಂ ಕತ್ತರಿಸಬೇಕು. ಊರಿನ ಟಿಂಕರಿಂಗ್ ಅಂಗಡಿಯವರು 22 ಗೇಜ್ ಜಿಐ ಶೀಟಿನಲ್ಲಿ ಬಾಡಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಕತ್ತರಿಸಲಾ?

ಇನ್ನೆರಡು ತೊಂದರೆ ಇದೆ. ಕಾಫಿ ಕಣದ ಅಂಚಿನ ಕಲ್ಲು ಹತ್ತಿಸುವಾಗ ಗಾಡಿ ಮೊದಲು ಅಲ್ಲಾಡುವುದೇ ಇಲ್ಲ, ಆಮೇಲೆ ಒಮ್ಮೆಲೇ ಹಾರುತ್ತದೆ. ಚಕ್ರ ಕಲ್ಲಿಗೆ ಸಿಕ್ಕಿಕೊಂಡಾಗ ಸ್ಟೀರಿಂಗ್ ಜೋರಾಗಿ ತಿರುಗಿಸಿದರೆ ಇಡೀ ಗಾಡಿ ಒಂದು ಕ್ಷಣ ಸತ್ತು ಮತ್ತೆ ಎದ್ದೇಳುತ್ತದೆ. ರಿಮೋಟ್ ಹಾಳಾಗಿದೆಯಾ?

ಮೂರನೇಗೇರ್:

ಮೊದಲು ಆ 21 ಟರ್ನ್ ಮೋಟರ್ ತೆಗೆದು ಬಗ್ಗಿಗೇ ವಾಪಸ್ ಹಾಕಿ. ಟರ್ನ್ ಕಡಿಮೆ ಇದ್ದಷ್ಟೂ ವೇಗ ಜಾಸ್ತಿ, ನಿಧಾನಕ್ಕೆ ಎಳೆಯುವ ಶಕ್ತಿ ಕಡಿಮೆ. ಕ್ರಾಲರ್‌ಗೆ ಬೇಕಿರುವುದು ಇದರ ಉಲ್ಟಾ. 2ಎಸ್‌ನಲ್ಲಿ 35 ಟರ್ನ್ ಹಾಕಿ. ಮುಂದೆ 3ಎಸ್ ತಗೊಳ್ಳುವ ಯೋಚನೆ ಇದ್ದರೆ 55 ಟರ್ನ್. ಪಿನಿಯನ್ (ಮೋಟರಿನ ತುದಿಯ ಹಲ್ಲುಚಕ್ರ) ಕೂಡ ಒಂದೆರಡು ಹಲ್ಲು ಚಿಕ್ಕದು ಮಾಡಿ. ಬ್ರಶ್‌ಲೆಸ್ ಮೋಟರ್ ಕಡೆ ಈಗಲೇ ಹೋಗಬೇಡಿ, ದುಡ್ಡು ಸುಮ್ನೆ ಖಾಲಿ.

1060 ಇಎಸ್‌ಸಿ ಮೇಲೆ ಸಣ್ಣ ಜಂಪರ್ (ಕಿತ್ತು ಬೇರೆ ಜಾಗಕ್ಕೆ ಹಾಕುವ ಪ್ಲಗ್) ಇದೆ ನೋಡಿ. ಅದನ್ನು ಎಫ್/ಆರ್ (ಮುಂದೆ/ಹಿಂದೆ) ಜಾಗಕ್ಕೆ ಹಾಕಿ. ಟ್ರಿಗರ್ ಬಿಟ್ಟ ಕೂಡಲೇ ಡ್ರ್ಯಾಗ್ ಬ್ರೇಕ್ ಹಿಡಿದು ಗಾಡಿ ಇಳಿಜಾರಿನಲ್ಲೂ ನಿಲ್ಲುತ್ತದೆ. ಎರಡನೇ ಜಂಪರ್ ಲಿಪೋ ಕಡೆಗೇ ಇದೆಯಾ ಅಂತಲೂ ನೋಡಿಕೊಳ್ಳಿ, ಇಲ್ಲದಿದ್ದರೆ ಬ್ಯಾಟರಿ ಕೆಡುತ್ತದೆ.

ಹಳೇಲೇತ್:

ತಮ್ಮಾ, ಗರಗಸ ಕೆಳಗಿಡು. ನಾನು ತುಮಕೂರಿನಲ್ಲಿ ಲೇತ್ ಇಟ್ಟುಕೊಂಡವನು, ಕತ್ತರಿಸುವುದೇ ನನ್ನ ಕಸುಬು. ಆದರೂ ಇದನ್ನು ಕತ್ತರಿಸಬೇಡ ಅಂತಲೇ ಹೇಳುತ್ತೇನೆ.

ನೀನು ಹತ್ತನೇ ಒಂದು ಅಂತ ಯಾಕೆ ಹಿಡಿದುಕೊಂಡೆ? ಪೆಟ್ಟಿಗೆ ಮೇಲೆ ಬರೆದಿದೆ ಅಂತ ತಾನೇ? ಪೆಟ್ಟಿಗೆ ಬಿಡು, ಟೈರ್ ನೋಡು. ಕಂಪನಿ ಜಿಪ್ಸಿಗೆ ಬರುತ್ತಿದ್ದುದು 205/70 ಆರ್15. ಅದರ ಎತ್ತರ ಸುಮಾರು 668 ಎಂಎಂ. ಹತ್ತರಿಂದ ಭಾಗಿಸಿದರೆ 67 ಎಂಎಂ ಆಯಿತು. ನಿನ್ನ ಹತ್ತಿರ ಇರುವುದು 108. ಅಷ್ಟು ಚಿಕ್ಕ ಬಾಡಿಯ ಕೆಳಗೆ ಅಷ್ಟು ದೊಡ್ಡ ಟೈರ್ ಹಾಕಿದರೆ ಜಿಪ್ಸಿ ಥರ ಕಾಣಲ್ಲ, ಟ್ರ್ಯಾಕ್ಟರ್ ಥರ ಕಾಣುತ್ತೆ. ಸ್ಟೀರಿಂಗ್ ತಿರುಗಿಸಿದಾಗ ಟೈರ್ ಬಾಡಿಗೆ ತಗಲುವುದು ಬೇರೆ.

ಈಗ ಲೆಕ್ಕ ತಿರುಗಿಸು. 2375ನ್ನು ನಿನ್ನ ಚಾಸಿಯ 313ರಿಂದ ಭಾಗಿಸು. 7.6 ಬರುತ್ತೆ. ಬಾಡಿಯನ್ನು ಆ ಅಳತೆಗೆ ಮಾಡು. ಜಿಪ್ಸಿಯ ಅಗಲ 1540, ನಿನಗೆ 203 ಎಂಎಂ. ಉದ್ದ 4010, ನಿನಗೆ 528. ನಿನ್ನ 108ರ ಟೈರ್ ಈ ಲೆಕ್ಕದಲ್ಲಿ ನಿಜವಾದ ಗಾಡಿಗೆ 32 ಇಂಚಿನ ಟೈರ್ ಹಾಕಿದ ಹಾಗೆ. ನಿಮ್ಮ ಕಡೆ ಆಫ್‌ರೋಡ್‌ಗೆ ಬರುವ ಜಿಪ್ಸಿಗಳು 31 ಇಂಚು ಹಾಕಿಕೊಂಡು ಓಡಾಡುವುದನ್ನು ನೀನೇ ನೋಡಿರುತ್ತೀಯ. ಒಂದು ಸ್ಕ್ರೂ ಬಿಚ್ಚದೆ ಅಳತೆ ಕೂತಿತು ಅಲ್ವಾ?

ಎರಡನೆಯದು ಆ ಜಿಐ ಶೀಟ್. ದಯವಿಟ್ಟು ಬೇಡ. 22 ಗೇಜ್ ಅಂದರೆ ಚದರ ಅಡಿಗೆ 600 ಗ್ರಾಂ ಹತ್ತಿರ. ಬಾಡಿಗೆ ಎರಡೂವರೆ ಚದರ ಅಡಿ ಬೇಕಾಗುತ್ತೆ. ಒಂದೂವರೆ ಕೆಜಿ ತಂದು ಗಾಡಿಯ ತಲೆ ಮೇಲೆ ಇಟ್ಟ ಹಾಗಾಯಿತು. 3 ಎಂಎಂ ಸನ್‌ಬೋರ್ಡ್ (ಹಗುರವಾದ ಪ್ಲಾಸ್ಟಿಕ್ ಹಲಗೆ) ಚದರ ಅಡಿಗೆ 150 ಗ್ರಾಂ ಆಚೀಚೆ. ಫ್ಲೆಕ್ಸ್ ಅಂಗಡಿಯವರ ಹತ್ತಿರ ಕತ್ತರಿಸಿ ಉಳಿದ ತುಂಡು ಬಿದ್ದಿರುತ್ತೆ, ಕೇಳಿದರೆ ಕೊಡುತ್ತಾರೆ. ಫೆವಿಕ್ವಿಕ್ ಹಾಕಿ ಸಂದಿಗೆ ಅಡುಗೆ ಸೋಡಾ ಉದುರಿಸು, ಕೂಡಲೇ ಗಟ್ಟಿಯಾಗುತ್ತೆ. ಆಮೇಲೆ ಮರಳುಕಾಗದದಲ್ಲಿ ಉಜ್ಜಿ ಬಣ್ಣ ಹೊಡಿ. ಜಿಪ್ಸಿ ಬಾಡಿ ಪೂರಾ ಚಪ್ಪಟೆ ಹಲಗೆಗಳೇ. ಅದೃಷ್ಟ ಮಾಡಿದ್ದೀಯ, ಅಂಬಾಸಿಡರ್ ಮಾಡಲು ಹೊರಟಿದ್ದರೆ ಅಳುತ್ತಿದ್ದೆ.

ಭಾರದ ಬಗ್ಗೆ ಇಷ್ಟು ಯಾಕೆ ಹೇಳುತ್ತೇನೆ ಅಂದರೆ ಕ್ರಾಲರ್ ಕಲ್ಲು ಹತ್ತುವುದು ಮೋಟರಿನಿಂದಲ್ಲ, ಭಾರ ಎಲ್ಲಿದೆ ಅನ್ನುವುದರಿಂದ. ಏರಿನಲ್ಲಿ ಗಾಡಿಯ ಭಾರದ ಕೇಂದ್ರ ಹಿಂದಿನ ಚಕ್ರ ನೆಲ ಮುಟ್ಟುವ ಜಾಗದಿಂದ ಆಚೆ ಹೋದ ಕೂಡಲೇ ಗಾಡಿ ಹಿಂದಕ್ಕೆ ಮಗುಚುತ್ತೆ. ನೀನು ಹೇಳಿದ ಹಾಗೆ 240ಕ್ಕೆ ಕತ್ತರಿಸಿ, ಭಾರ ನಡುಮಧ್ಯ, ನೆಲದಿಂದ 90 ಎಂಎಂ ಎತ್ತರದಲ್ಲಿ ಇದ್ದರೆ 53 ಡಿಗ್ರಿಗೆ ಮಗುಚುತ್ತೆ. 313 ಹಾಗೇ ಇಟ್ಟು, ನೂರಕ್ಕೆ 60 ಪಾಲು ಭಾರ ಮುಂದೆ ಹಾಕಿ, ಎತ್ತರ 75ಕ್ಕೆ ಇಳಿಸಿದರೆ 68 ಡಿಗ್ರಿವರೆಗೆ ನಿಲ್ಲುತ್ತೆ. ಇದು ಕಾಗದದ ಲೆಕ್ಕ. ಸಸ್ಪೆನ್ಷನ್ ಕುಗ್ಗುವುದರಿಂದ ಕಲ್ಲಿನ ಮೇಲೆ ಸ್ವಲ್ಪ ಕಡಿಮೆಯೇ ಬರುತ್ತೆ. ಆದರೆ ವ್ಯತ್ಯಾಸ ನೋಡು.

ಬ್ಯಾಟರಿ ಹಿಂದೆ ಇದ್ದರೆ ಮುಂದಕ್ಕೆ ತಾ, ಸರ್ವೋ ಪಕ್ಕಕ್ಕೆ, ಎಷ್ಟು ಕೆಳಗೆ ಆಗುತ್ತೋ ಅಷ್ಟು. ಟೈರ್ ಅಂಗಡಿಗೆ ಹೋಗಿ ವೀಲ್ ಬ್ಯಾಲೆನ್ಸಿಂಗ್‌ಗೆ ಅಂಟಿಸುವ ಪಟ್ಟಿ ಕೇಳು. 5 ಗ್ರಾಂ, 10 ಗ್ರಾಂ ತುಂಡುಗಳಿರುತ್ತವೆ. ಮುಂದಿನ ಎರಡು ರಿಮ್ಮಿನ ಒಳಗೆ ಸುತ್ತ ಅಂಟಿಸು. ಹಿಂದೆ ಬೇಡ. ನಾನು ನನ್ನ ಗಾಡಿಗೆ ಹಿತ್ತಾಳೆ ರಾಡಿನಲ್ಲಿ ಉಳಿದ ತುಂಡು ತಿರುವಿ ಆಕ್ಸಲ್ ತುದಿಗೆ ಬಳೆ ಮಾಡಿ ಹಾಕಿದ್ದೇನೆ. ಹಿತ್ತಾಳೆ ಅಲ್ಯೂಮಿನಿಯಂಗಿಂತ ಮೂರು ಪಟ್ಟು ಭಾರ, ಅದೂ ಆಕ್ಸಲ್ ಮಟ್ಟದಲ್ಲೇ ಕೂರುತ್ತೆ. ಹೊಳೆಯುವ ಅಲ್ಯೂಮಿನಿಯಂ ಭಾಗ ಕೊಂಡು ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತೆ.

ಪರೀಕ್ಷೆಗೆ ಅಡುಗೆಮನೆಯ ತಕ್ಕಡಿ ಸಾಕು. ಮುಂದಿನ ಚಕ್ರ ತಕ್ಕಡಿ ಮೇಲೆ, ಹಿಂದಿನದು ಅಷ್ಟೇ ಎತ್ತರದ ಪುಸ್ತಕದ ಮೇಲೆ. ಗಾಡಿ ಒಟ್ಟು 2.6 ಕೆಜಿ ಇದ್ದರೆ ಮುಂದೆ 1.5 ದಾಟಬೇಕು.

ಗುಂಡುಕಲ್ಲು:

ಹಳೇಲೇತ್ ಅಣ್ಣ, ಭಾರದ ಮಾತು ಪೂರ್ತಿ ಒಪ್ಪಿದೆ. ಆದರೆ ಚಿಕ್ಕ ವೀಲ್‌ಬೇಸ್ ಅಷ್ಟೊಂದು ಕೆಟ್ಟದ್ದೇನಲ್ಲ. ನಾನು 242 ಎಂಎಂ ಗಾಡಿ ಓಡಿಸುವವನು. ಎರಡೂ ಆಕ್ಸಲ್ ಲಾಕ್ ಇದ್ದಾಗ ಉದ್ದ ಗಾಡಿ ತಿರುಗುವುದಕ್ಕೆ ಊರಗಲ ಜಾಗ ಕೇಳುತ್ತದೆ. ಚಿಕ್ಕದು ಬಂಡೆ ಸಂದಿಯಲ್ಲಿ ಅಲ್ಲೇ ತಿರುಗುತ್ತದೆ. ಚೂಪು ಕಲ್ಲು ದಾಟುವಾಗ ಹೊಟ್ಟೆ ತಗಲುವುದೂ ಕಡಿಮೆ.

ಕಲ್ಲಿನ ಮೇಲೂ ಹೋಗುತ್ತದೆ. ನಾನು ಓಡಿಸುವುದು ರಾಮನಗರದ ಕಡೆ, ಕ್ಲೋಸ್‌ಪೇಟೆ ಗ್ರಾನೈಟ್ ಮೇಲೆ. ದಪ್ಪ ಹರಳಿನ ಒರಟು ಕಲ್ಲು, ಒಣಗಿದ್ದರೆ ಮೆತ್ತನೆ ಟೈರ್ ಅಂಟಿಕೊಂಡೇ ಹತ್ತುತ್ತದೆ. ಅಲ್ಲಿ ಗಾಡಿ ಜಾರಲ್ಲ, ಮಗುಚುತ್ತದೆ. ಸಕಲೇಶಪುರದ ಹಳ್ಳದ ಪಾಚಿ ಕಲ್ಲಿನಲ್ಲಿ ಮಗುಚುವ ಮೊದಲೇ ಜಾರುತ್ತದೆ. ಪಾಚಿ ಮೇಲೆ ಯಾವ ದುಬಾರಿ ರಬ್ಬರೂ ನಿಲ್ಲಲ್ಲ. ಹಾಗಾಗಿ 68 ಡಿಗ್ರಿ ಅವರಿಗೆ ಸಿಗುವುದೇ ಅನುಮಾನ.

ಹಳೇಲೇತ್:

ಅದು ಸರಿಯಾದ ಮಾತು. ಚಿಕ್ಕದು ಬೇಕು ಅಂದರೆ 242ರ ಚಾಸಿಯನ್ನೇ ಕೊಳ್ಳಬೇಕು, 1.55 ಇಂಚಿನ ರಿಮ್ ಹಾಕಬೇಕು. 313ನ್ನು ಕತ್ತರಿಸಿದರೆ ಆಕ್ಸಲನ್ನು ಚಾಸಿಗೆ ಹಿಡಿದಿಡುವ ಲಿಂಕ್ ರಾಡುಗಳನ್ನೂ ನಡುವಿನ ಡ್ರೈವ್‌ಶಾಫ್ಟನ್ನೂ ಮತ್ತೆ ಮಾಡಬೇಕು. ಶಾಫ್ಟ್ ಚಿಕ್ಕದಾದಷ್ಟೂ ಅದರ ಕೋನ ಕಡಿದಾಗುತ್ತೆ, ಯೂನಿವರ್ಸಲ್ ಜಾಯಿಂಟ್ ಕಟಕಟ ಅನ್ನುತ್ತೆ. ಲಿಂಕ್ ಮಾಡಿಕೊಡಲು ನಾನೇ ರೆಡಿ, ಆದರೆ ಹುಡುಗನ ಜೇಬು ನೋಡು.

ಏಲಕ್ಕಿಕಾಡು:

ಕತ್ತರಿಸಲ್ಲ. 7.6ರ ಲೆಕ್ಕದಲ್ಲಿ ರಟ್ಟಿನ ಅಚ್ಚು ಮಾಡಿ ಚಾಸಿ ಮೇಲೆ ಇಟ್ಟು ನೋಡಿದೆ. ನಮ್ಮ ಜಿಪ್ಸಿಯೇ ಕಂಡ ಹಾಗಾಯಿತು! 35 ಟರ್ನ್ ಮೋಟರ್ ಆರ್ಡರ್ ಮಾಡಿದ್ದೇನೆ. ಜಂಪರ್ ಬದಲಾಯಿಸಿದೆ, ಇಳಿಜಾರಿನಲ್ಲಿ ನಿಲ್ಲುತ್ತಿದೆ.

ಗಾಡಿ ಸತ್ತು ಏಳುವುದು ಮಾತ್ರ ಹಾಗೇ ಇದೆ. ಮತ್ತೆ ಗುಂಡುಕಲ್ಲು ಅವರೇ, ನಮ್ಮ ಹಳ್ಳದಲ್ಲಿ ಮಳೆಗಾಲ ಮುಗಿದ ಮೇಲೂ ಗೇಣುದ್ದ ನೀರು ಇರುತ್ತದೆ, ಜೊತೆಗೆ ಇಂಬಳ. ಇಂಬಳಕ್ಕೆ ಸುಣ್ಣ ಇದೆ. ರಿಮೋಟಿನ ಸಿಗ್ನಲ್ ಹಿಡಿಯುವ ರಿಸೀವರ್ ನೆನೆಯದ ಹಾಗೆ ಏನು ಮಾಡುವುದು?

ಗುಂಡುಕಲ್ಲು:

ರಿಮೋಟ್ ಚೆನ್ನಾಗಿಯೇ ಇದೆ. ಸರ್ವೋಗೆ ಕರೆಂಟ್ ಸಾಲುತ್ತಿಲ್ಲ. ಇಎಸ್‌ಸಿ ಒಳಗಿನ ಬಿಇಸಿ (ರಿಸೀವರ್, ಸರ್ವೋಗೆ ಕರೆಂಟ್ ಕೊಡುವ ಭಾಗ) ಎರಡು ಮೂರು ಆಂಪಿಯರ್ ಕೊಟ್ಟರೆ ದೊಡ್ಡದು. 25 ಕೆಜಿ ಸರ್ವೋ ಸಿಕ್ಕಿಕೊಂಡು ತಿಣುಕುವಾಗ ಅಷ್ಟನ್ನೂ ಅದೇ ನುಂಗುತ್ತದೆ. ವೋಲ್ಟೇಜ್ ಬಿದ್ದು ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗುತ್ತದೆ. 5 ಆಂಪಿಯರ್‌ಗಿಂತ ಕಡಿಮೆ ಇಲ್ಲದ ಯುಬಿಇಸಿ, ಅಂದರೆ ಹೊರಗೆ ಪ್ರತ್ಯೇಕವಾಗಿ ಹಾಕುವ ಬಿಇಸಿ, ತಗೊಳ್ಳಿ. ಬೆಂಗಳೂರಿಗೆ ಬಂದರೆ ಎಸ್‌ಪಿ ರೋಡಿನಲ್ಲಿ ವಿಚಾರಿಸಿ. 6 ವೋಲ್ಟಿಗೆ ಇಟ್ಟು, ಇನ್‌ಪುಟ್ ನೇರ ಬ್ಯಾಟರಿಯಿಂದ ತೆಗೆದು, ಔಟ್‌ಪುಟ್ ರಿಸೀವರ್‌ಗೆ ಕೊಡಿ. ಇಎಸ್‌ಸಿಯಿಂದ ರಿಸೀವರ್‌ಗೆ ಬರುವ ಮೂರು ವೈರಿನಲ್ಲಿ ಕೆಂಪನ್ನು ಪ್ಲಗ್‌ನಿಂದ ಎಬ್ಬಿಸಿ ಟೇಪ್ ಸುತ್ತಿ. ಎರಡು ಕಡೆಯಿಂದ ಕರೆಂಟ್ ಬರಬಾರದು.

ನೀರಿಗೆ: 1060 ವಾಟರ್‌ಪ್ರೂಫ್, ಆ ಚಿಂತೆ ಬೇಡ. ರಿಸೀವರನ್ನು ಬಲೂನಿನ ಒಳಗೆ ಹಾಕಿ, ವೈರ್ ಹೊರಬರುವ ಕಡೆ ಜಿಪ್ ಟೈ ಬಿಗಿಯಿರಿ. ಆಂಟೆನಾ ತುದಿ ಮೇಲಕ್ಕೆ ನಿಂತಿರಲಿ. ಟೈರ್ ನಡುವಿನ ಗೆರೆಯಲ್ಲಿ ಎದುರುಬದುರು ಎರಡು ತೂತು ಮಾಡಿ. ಒಳಗೆ ಸೇರಿದ ನೀರು ಗಾಡಿ ಓಡುವಾಗ ಅಲ್ಲಿಂದಲೇ ಹೊರಗೆ ಚಿಮ್ಮುತ್ತದೆ. ತೂತು ಇಲ್ಲದಿದ್ದರೆ ಫೋಮ್ ನೀರು ಕುಡಿದು ನಾಲ್ಕೂ ಚಕ್ರ ಕಲ್ಲಿನಂತೆ ಭಾರವಾಗುತ್ತವೆ. ಮನೆಗೆ ಬಂದ ಮೇಲೆ ಮೋಟರಿನ ಎರಡು ತುದಿಯ ಬುಶ್‌ಗೆ ಒಂದೊಂದು ಹನಿ ಹೊಲಿಗೆ ಮಿಶಿನ್ ಎಣ್ಣೆ ಬಿಡಿ.

ಹಳೇಲೇತ್:

ಮುಂದಿನ ಬಂಪರ್‌ಗೆ ಪೈಪು ಬೆಸುಗೆ ಹಾಕಿಸಿದ್ದು ಅಂದೆಯಲ್ಲ, ಅದೊಂದನ್ನು ಮಾತ್ರ ಕಬ್ಬಿಣದಲ್ಲೇ ಮಾಡಿಸು. ಚಾಸಿ ಮಟ್ಟದಲ್ಲಿ, ಮುಂದೆ ಇರುತ್ತೆ, ಭಾರ ಇದ್ದಷ್ಟೂ ಒಳ್ಳೆಯದೇ. ಟಿಂಕರಿಂಗ್ ಅಂಗಡಿಯವರಿಗೂ ಬೇಜಾರಾಗಲ್ಲ. ಟೈರ್ ಮುಂಭಾಗ ಬಂಪರಿಗಿಂತ ಹಿಂದೆ ಉಳಿಯದ ಹಾಗೆ ಅಳತೆ ಕೊಡು, ಇಲ್ಲದಿದ್ದರೆ ಕಲ್ಲಿಗೆ ಟೈರಿಗಿಂತ ಮೊದಲು ಬಂಪರೇ ಮುಟ್ಟುತ್ತೆ.